ಗೊರಕೆಯನ್ನು ಅಸಡ್ಡೆ ಮಾಡಬೇಡಿ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ರಾಸುಗಳ ಬದಲು ನನ್ನದೇ ಕಾಯಿಲೆಯ ವಿಚಾರ ಹೇಳುತ್ತೇನೆ. ಹೋದ ವರ್ಷ ಒಂದು ರಾತ್ರಿ ಹಸುವಿಗೆ ಕರು ಹಾಕಿಸಿ ಬರುವಾಗ ಬೈಕಿನ ಮೇಲೆಯೇ ತೂಕಡಿಸಿ ಚರಂಡಿಗೆ ಬಿದ್ದೆ. ಪುಣ್ಯಕ್ಕೆ ಜೀವ ಉಳಿಯಿತು.

ಪರೀಕ್ಷೆಯಲ್ಲಿ ಸ್ಲೀಪ್ ಅಪ್ನಿಯ ಎಂದು ತಿಳಿಯಿತು. ನಿದ್ರೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಉಸಿರು ನಿಲ್ಲುತ್ತದೆ. ರಾತ್ರಿಯಿಡೀ ಇದೇ ಪಾಡು. ವೈದ್ಯರು ಸಿಪ್ಯಾಪ್ ಯಂತ್ರ ಬರೆದುಕೊಟ್ಟರು. ಹಾಲು ಕರೆಯುವ ಯಂತ್ರ ಎಳೆಯುತ್ತದೆ. ಇದು ಮಾಸ್ಕಿನ ಮೂಲಕ ಗಾಳಿಯನ್ನು ಒತ್ತಿ ಗಂಟಲು ಮುಚ್ಚದಂತೆ ಕಾಯುತ್ತದೆ.

ಮೊದಲ ಮೂರು ರಾತ್ರಿ ಕಿತ್ತೆಸೆದೆ. ಆಗ ನಮ್ಮ ಮನೆಯವರು, "ಮೊದಲ ಸೂಲಿನ ಹಸುವಿಗೆ ಯಂತ್ರ ರೂಢಿಸುವುದನ್ನು ಊರಿಗೆಲ್ಲ ಹೇಳುತ್ತೀರಿ, ನಿಮಗೆ ಯಾರು ಹೇಳಬೇಕು?" ಎಂದರು. ಅಂದಿನಿಂದ ಅದೇ ಕ್ರಮ ಹಿಡಿದೆ.

ಹಗಲು ಎಚ್ಚರವಿರುವಾಗ ಅರ್ಧ ಗಂಟೆ ಮಾಸ್ಕ್ ಧರಿಸಿ, ಸದ್ದಿಗೆ ಒಗ್ಗಿಕೊಳ್ಳಿ. ಪಟ್ಟಿಯನ್ನು ಗಾಳಿ ಸೋರದಷ್ಟು ಬಿಗಿದರೆ ಸಾಕು. ಗಾಳಿ ನಿಧಾನವಾಗಿ ಏರುವಂತೆ ಹೊಂದಿಸಿಕೊಳ್ಳಿ. ಮೂಗು ಒಣಗಿದರೆ ತೇವ ಕೊಡುವ ತೊಟ್ಟಿಗೆ ಡಿಸ್ಟಿಲ್ಡ್ ನೀರು ಹಾಕಿ. ಹಾಲಿನ ಕ್ಯಾನಿನಂತೆ ಮಾಸ್ಕನ್ನೂ ದಿನವೂ ತೊಳೆಯಿರಿ. ವೈದ್ಯರನ್ನು ಕೇಳದೆ ಒತ್ತಡ ಬದಲಿಸಬೇಡಿ. ಬಳಸಿದ ರಾತ್ರಿ ಮಾತ್ರ ಫಲ. ಬಿಟ್ಟರೆ ಕಾಯಿಲೆ ಮರಳುತ್ತದೆ.

ನನಗೆ ರೂಢಿಯಾಗಲು ಒಂದು ತಿಂಗಳು ಹಿಡಿಯಿತು. ಈಗ ಹಗಲು ತೂಕಡಿಕೆ ಇಲ್ಲ.

ಎಲ್ಲ ಗೊರಕೆಯೂ ಕಾಯಿಲೆಯಲ್ಲ. ಆದರೆ ಜೋರು ಗೊರಕೆಯ ನಡುವೆ ಉಸಿರು ಕಟ್ಟುವುದು, ಬೆಳಗಿನ ತಲೆನೋವು, ಹಗಲು ತೂಕಡಿಕೆ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ರಾಸಿನ ಉಸಿರಾಟ ಕೆಟ್ಟರೆ ರಾತ್ರಿಯೇ ನನ್ನನ್ನು ಕರೆಸುತ್ತೀರಿ. ನಿಮ್ಮ ಉಸಿರಿನ ಬಗ್ಗೆಯೂ ಅಷ್ಟೇ ಕಾಳಜಿ ಇರಲಿ.