ಕಾನೂನು ವಿದ್ಯಾಲಯವೂ ನೆಲೆನಿಲ್ಲುವ ಗುರುವೂ



ಕಟ್ಟಡವು ವಿದ್ಯೆಗೆ ನೆರಳು ಮಾತ್ರ, ವಿದ್ಯಾಲಯವೆಂಬುದು ಗುರುವೇ. ಕಾನೂನಿನ ವಿದ್ಯಾಲಯಕ್ಕೆ ಈ ಮಾತು ವಿಶೇಷವಾಗಿ ಸಲ್ಲುವದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯನ್ನು ನೋಡಿರಿ. ರಾಯಬಾಗವು ಪೂರ್ವದಲ್ಲಿ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. 1956ರಲ್ಲಿ ಈ ಸೀಮೆಯೆಲ್ಲವೂ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ಆದಕಾರಣ ಹೊಲದ ಮೇರೆ, ನೀರಿನ ಪಾಲು, ದತ್ತಕ, ವಾಟಣಿಗಳ ಹಳೆಯ ಕಾಗದಗಳು ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ, ಕೆಲವು ಮೋಡಿ ಅಕ್ಷರಗಳಲ್ಲಿ ಇರುವವು. ಇವುಗಳನ್ನು ಓದಿ, ಇಂದಿನ ಕಾಯಿದೆಗೆ ಹೊಂದಿಸಿ ಶಿಷ್ಯನಿಗೆ ತಿಳಿಸಬಲ್ಲ ಅಧ್ಯಾಪಕನು ಒಂದು ವರುಷದಲ್ಲಿ ಸಿದ್ಧನಾಗನು. ಇಲ್ಲಿ ನೆಲೆನಿಲ್ಲುವದೇ ಪಾಂಡಿತ್ಯದ ಅರ್ಧಭಾಗ.

ಆದರೆ ನಿಲ್ಲುವದು ಸುಲಭವಲ್ಲ. ಪೂರ್ಣಕಾಲದ ಅಧ್ಯಾಪಕನಿಗೆ ವಕೀಲಿಯ ಗಳಿಕೆಯು ಸಾಮಾನ್ಯವಾಗಿ ಮುಚ್ಚಿದ ಬಾಗಿಲು. ಬೆಳಗಾವಿಯಲ್ಲಿ 1939ರಿಂದ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯವಿರುವದು. ಬೆಂಗಳೂರಿನ ಸೆಳೆತವು ಇನ್ನೂ ದೊಡ್ಡದು. ವಕೀಲರು ದಿನಕ್ಕೆ ಮೂರು ತಾಸಿನವರೆಗೆ ಪಾಠ ಹೇಳಲು 1979ರ ನಿಯಮವು ಅವಕಾಶ ಕೊಟ್ಟಿದೆ. ಕೋರ್ಟಿನ ಅನುಭವವು ಇದರಿಂದ ಶಾಲೆಗೆ ಬರುವದು ನಿಜ. ಆದರೆ ಶಿಷ್ಯನ ಸಂದೇಹಕ್ಕೆ ಸಂಜೆಯವರೆಗೆ ಕುಳಿತುಕೊಳ್ಳುವವನೊಬ್ಬನು ಬೇಕೇ ಬೇಕು.

ಹಾಗಾದರೆ ಅಂಥವನನ್ನು ಉಳಿಸಿಕೊಳ್ಳುವ ಬಗೆಯೇನು? ದಾರಿ ದೂರದಲ್ಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆಯವರಂಥ ತರುಣ ವಿದ್ವಾಂಸರು ಬಾಳನ್ನೇ ತೊಡಗಿಸಿದರು. ಅವರು ನಿಂತದ್ದು ವೇತನಕ್ಕಾಗಿಯಲ್ಲ; ಸಂಸ್ಥೆಯು ಅವರದೇ ಆಗಿದ್ದಿತು, ಅದರ ಆಡಳಿತದಲ್ಲಿ ಅವರ ಕೈಯಿದ್ದಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸಂಗತಿಯೂ ಅಂಥದೇ. 1988ರಲ್ಲಿ ಅಲ್ಲಿ ಪಾಠ ಮೊದಲಾಗುವ ಮುನ್ನವೇ ದಿಲ್ಲಿಯಲ್ಲಿ ಅಧ್ಯಾಪಕರಾಗಿದ್ದ ಮಾಧವ ಮೆನನ್ ಅವರು ಬಂದು ನಿರ್ದೇಶಕರಾಗಿ 1998ರವರೆಗೆ ನಿಂತರು. ಪಾಠಕ್ರಮವನ್ನು ಹೊಸದಾಗಿ ಕಟ್ಟುವ ಅಧಿಕಾರವು ಅವರಿಗಿದ್ದಿತು.

ಆದರೂ ತ್ಯಾಗವನ್ನು ಗುರುವಿನಿಂದಲೇ ಬೇಡುವದು ನ್ಯಾಯವಲ್ಲ. ಅವನಿಗೂ ಮನೆಯಿದೆ, ಮಕ್ಕಳಿದ್ದಾರೆ. ತಿಂಗಳಿಗೆ ಸರಿಯಾಗಿ ಸಲ್ಲುವ ವೇತನ, ಇರಲು ಮನೆ, ತೀರ್ಪುಗಳ ಸಂಪುಟಗಳುಳ್ಳ ಗ್ರಂಥಾಲಯ, ಓದಿ ಬರೆಯಲು ಬಿಡುವು, ಆಡಳಿತದಲ್ಲಿ ಮಾತು—ಈ ಐದನ್ನು ಸಮಾಜವು ಕೊಡತಕ್ಕದ್ದು.

ಭಕ್ತರು ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಕೋಣೆ ಕಟ್ಟಿಸುವದುಂಟು, ಅದು ಪುಣ್ಯವೇ. ಆದರೆ ಒಬ್ಬ ಅಧ್ಯಾಪಕನ ಪೀಠಕ್ಕೆ ದತ್ತಿಯಿಡುವದು ಅದಕ್ಕೂ ಮಿಗಿಲಾದ ದಾಸೋಹ. ಆ ಕೋಣೆಯಲ್ಲಿ ದೀಪ ಹಚ್ಚುವವನು ಅವನೇ. ಇದನ್ನರಿತು ಸದ್ಭಕ್ತರು ನಡೆದರೆ ಈ ಸೀಮೆಯ ಬಡವನ ಕಾಗದವನ್ನು ಓದಬಲ್ಲ ವಕೀಲನು ಈ ಸೀಮೆಯಲ್ಲಿಯೇ ಸಿದ್ಧನಾಗುವನು.

ಮಂಗಲಮಸ್ತು.