ಗದ್ದೆಬದಿಯ ಗಂಡುವೇಷ

ಮಳೆ ಬಿಟ್ಟು ಬಿಸಿಲು ಬಂದ ಬೆಳಿಗ್ಗೆ ಬಂಟ್ವಾಳ, ಬೆಳ್ತಂಗಡಿ ಕಡೆಯ ಬೈಲುಗದ್ದೆಯ ಹುಣಿಯಲ್ಲಿ ನಡೆದರೆ ಕಾಲಬುಡದ ಹುಲ್ಲಿನಿಂದ ಸಪೂರದ ಹುಳವೊಂದು ಎದ್ದು, ಒಂದು ಮಾರು ಆಚೆ ಹೋಗಿ ಮತ್ತೆ ಕೂರುತ್ತದೆ. ಸೂಜಿಚಿಟ್ಟೆ. ಏರೋಪ್ಲೇನ್ ಚಿಟ್ಟೆಯ ನೆಂಟ. ಆದರೆ ಇದು ಕೂತಾಗ ರೆಕ್ಕೆ ಹರಡುವುದಿಲ್ಲ, ಬೆನ್ನಿನ ಮೇಲೆ ಮಡಚಿಟ್ಟುಕೊಳ್ಳುತ್ತದೆ. ಗಂಡಿನ ಎದೆಗೆ ಹಸಿರು–ಕಪ್ಪು ಪಟ್ಟೆ, ಬಾಲದ ತುದಿಗೆ ನೀಲಿ. ಶಾಸ್ತ್ರದಲ್ಲಿ ಇದು ಇಷ್ನೂರಾ ಸೆನೆಗಲೆನ್ಸಿಸ್. ಆಫ್ರಿಕದಿಂದ ಜಪಾನಿನವರೆಗೂ ಇದೆ.

ಹೆಣ್ಣಿನಲ್ಲಿ ಎರಡು ಬಗೆ. ಕೆಲವು ಎಳೆತನದಲ್ಲಿ ಕಿತ್ತಳೆ ಬಣ್ಣದವು, ಬಲಿತಂತೆ ಮಾಸಲಾಗುತ್ತವೆ. ಇನ್ನು ಕೆಲವು ಥೇಟ್ ಗಂಡಿನಂತೆಯೇ, ಬಾಲದ ನೀಲಿ ಸಮೇತ! ಯಕ್ಷಗಾನದ ಸ್ತ್ರೀವೇಷ ನಮಗೆ ಗೊತ್ತು. ಇಲ್ಲಿ ಅದು ತಿರುವುಮುರುವು. ಬಣ್ಣ ಮಾತ್ರ ಹುಟ್ಟಿನಿಂದಲೇ ಬಂದದ್ದು, ಚೌಕಿಯಲ್ಲಿ ಬಳಿದುಕೊಂಡದ್ದಲ್ಲ.

ಅಮೆರಿಕ ಖಂಡಗಳಲ್ಲಿ ಇದರ ದಾಯಾದಿ ಇಷ್ನೂರಾ ರಾಂಬೂರಿ, ಸಂಯುಕ್ತ ಸಂಸ್ಥಾನದಿಂದ ಚಿಲಿಯವರೆಗೂ ಹಬ್ಬಿದೆ. ನಮ್ಮದಕ್ಕೆ 1842ರಲ್ಲಿ ಹೆಸರಿಟ್ಟವನು ರಾಂಬೂರ್ ಎಂಬ ಫ್ರೆಂಚ್ ಕೀಟತಜ್ಞ. ಅಲ್ಲಿಯದಕ್ಕೆ 1850ರಲ್ಲಿ ಅವನದೇ ಹೆಸರು ಬಿತ್ತು. ಆ ದಾಯಾದಿಯಲ್ಲೂ ಗಂಡಿನಂತಿರುವ ಹೆಣ್ಣುಗಳಿವೆ. ಅದೇಕೆಂದು ರಾಬರ್ಟ್ಸನ್ ಎಂಬವರು 1985ರ ಪ್ರಬಂಧವೊಂದರಲ್ಲಿ ವಿವರಿಸಿದರು. ಈ ಕುಲದ ಹಲವು ಜಾತಿಗಳಲ್ಲಿ ಕೂಡುವಿಕೆ ಗಂಟೆಗಟ್ಟಲೆ ನಡೆಯುತ್ತದೆ. ಅಷ್ಟೂ ಹೊತ್ತು ಹೆಣ್ಣಿಗೆ ಬೇಟೆಯಿಲ್ಲ, ಮೊಟ್ಟೆಯಿಡಲೂ ಬಿಡುವಿಲ್ಲ. ಒಮ್ಮೆ ಕೂಡಿದ ಮೇಲೆ ಮತ್ತೆ ಮತ್ತೆ ಬೆನ್ನು ಹತ್ತುವ ಗಂಡುಗಳಿಂದ ಅದಕ್ಕೆ ನಷ್ಟವೇ. ಗಂಡಿನಂತೆ ಕಂಡರೆ ಆ ಕಾಟ ಕಡಿಮೆ.

ಹಾಗಾದರೆ ಎಲ್ಲ ಹೆಣ್ಣುಗಳೂ ಹಾಗೇಕಿಲ್ಲ? ನಮ್ಮ ಗದ್ದೆಯ ಜಾತಿಯನ್ನೇ ಇಟ್ಟುಕೊಂಡು ಜಪಾನಿನಲ್ಲಿ ನಡೆದ ಅಧ್ಯಯನಗಳು ಇದಕ್ಕೆ ಸೊಗಸಾದ ಉತ್ತರ ಕೊಟ್ಟಿವೆ. ಯಾವ ಬಗೆಯ ಹೆಣ್ಣು ಹೆಚ್ಚಾಗಿ ಕಣ್ಣಿಗೆ ಬೀಳುತ್ತದೋ ಅದನ್ನೇ ಗಂಡು ಕಲಿತುಕೊಂಡು ಬೆನ್ನಟ್ಟುತ್ತದೆ. ಗಂಡುವೇಷ ಹೆಚ್ಚಾದರೆ ಅದರ ಗುಟ್ಟು ರಟ್ಟು. ಆಗ ಮಾಸಲು ಬಣ್ಣದ್ದಕ್ಕೆ ನೆಮ್ಮದಿ. ಹೀಗೆ ಎರಡೂ ಉಳಿದಿವೆ. ಬಲ್ಲಿದನಿಗೇ ಗೆಲುವು ಎಂದು ನಾವು ಪ್ರಕೃತಿಯ ಮೇಲೆ ಹೊರಿಸುವ ಮಾತು ಈ ಹುಣಿಯ ಮೇಲಂತೂ ನಡೆಯುವುದಿಲ್ಲ.

ಮೂಡುಬಿದಿರೆಯ ಕೆರೆಗಳ ಹತ್ತಿರ ಇರುವವರು ಮಧ್ಯಾಹ್ನ ಕಳೆದ ಮೇಲೆ ದಂಡೆಯ ಹುಲ್ಲು ನೋಡಿ. ಬಣ್ಣ ನಂಬಬೇಡಿ. ಒಂಟಿಯಾಗಿ ಕೂತು, ಬಾಲ ಬಗ್ಗಿಸಿ, ನೀರಗಿಡದ ದಂಟಿಗೆ ಚುಚ್ಚುತ್ತಿದ್ದರೆ ಅದು ಮೊಟ್ಟೆಯಿಡುತ್ತಿರುವ ಹೆಣ್ಣು.