ರಕ್ತಕಣದಲ್ಲಿ ವಿಕಿರಣದ ಗುರುತು

ಅಕ್ಕಂದಿರೇ, ತಂಗಿಯರೇ, ನಾನು ವೈದ್ಯಳಲ್ಲ, ಎಂ.ಟೆಕ್. ಮಾಡಿ ಐಟಿ ಕಂಪನಿಯಲ್ಲಿ ದುಡಿಯುವವಳು. ಆದರೂ ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಚೆನ್ನೈ ಎಂದರೆ ಆಸ್ಪತ್ರೆಗಳ ಊರು. ಎಕ್ಸ್‌ರೇ, ಕ್ಯಾಥ್‌ಲ್ಯಾಬ್‌ಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಮದುವೆ ಮಾತುಕತೆಗೆ ಬಂದವರು, "ವಿಕಿರಣದ ಕೆಲಸವಂತೆ, ನಾಳೆ ಮಕ್ಕಳಿಗೆ ತೊಂದರೆಯಾದರೆ?" ಎಂದರೆ ಏನು ಉತ್ತರ ಕೊಡೋಣ?

ನಮ್ಮ ಜೀವಕೋಶಗಳಲ್ಲಿ 46 ಕ್ರೋಮೋಸೋಮ್‌ಗಳು, ಅಂದರೆ ವರ್ಣತಂತುಗಳು, ಇರುತ್ತವೆ. ವಿಕಿರಣ ತಗುಲಿದರೆ ಇವು ತುಂಡಾಗಬಹುದು. ಹೆಚ್ಚಿನವನ್ನು ಜೀವಕೋಶವೇ ಸರಿಪಡಿಸುತ್ತದೆ. ಕೆಲವೊಮ್ಮೆ ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿ ಒಂದರಲ್ಲೇ ಎರಡು ಸೆಂಟ್ರೊಮಿಯರ್ ಉಳಿದರೆ ಅದು ಡೈಸೆಂಟ್ರಿಕ್. ಕಾಲ ಕಳೆದಂತೆ ಕಡಿಮೆಯಾಗುತ್ತದೆ. ತುಂಡುಗಳು ಅದಲುಬದಲಾದರೆ ಟ್ರಾನ್ಸ್‌ಲೊಕೇಶನ್. ಇದು ಬಹುಕಾಲ ಉಳಿಯುತ್ತದೆ.

ನಮ್ಮ ಪೋರೂರಿನ ಶ್ರೀ ರಾಮಚಂದ್ರ ಸಂಸ್ಥೆಯ ಮಾನವ ತಳಿವಿಜ್ಞಾನ ವಿಭಾಗದವರು ಇಂಥ ಗುರುತುಗಳ ಮೇಲೆ ಸಂಶೋಧನೆ ಮಾಡಿದ್ದಾರೆ. ರಕ್ತದ ಬಿಳಿ ಕಣಗಳನ್ನು ಸುಮಾರು 48 ಗಂಟೆ ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ನೋಡಿ ಎಣಿಸುವ ಕೆಲಸವಿದು. ಆರೋಗ್ಯವಂತರಲ್ಲೂ ಸುಮಾರು 1000 ಕಣಗಳಿಗೆ ಒಂದು ಡೈಸೆಂಟ್ರಿಕ್ ಸಿಗುತ್ತದೆ. ಅದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದರಿಂದ ವಿಕಿರಣದ ಪ್ರಮಾಣವನ್ನು ಅಂದಾಜು ಮಾಡುತ್ತಾರೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್-60 ಹೊರಬಿದ್ದು ಒಬ್ಬರು ತೀರಿಕೊಂಡರು. ಅಲ್ಲಿನ ಕೆಲಸಗಾರರ ಬಳಿ ವಿಕಿರಣ ಅಳೆಯುವ ಬ್ಯಾಡ್ಜ್ ಎಲ್ಲಿಂದ ಬರಬೇಕು? ರಕ್ತಕಣಗಳೇ ಲೆಕ್ಕ ಕೊಡಬೇಕಾಯಿತು.

ಆದರೆ ಗುರುತು ಬೇರೆ, ಕಾಯಿಲೆ ಬೇರೆ. ಟ್ರಾನ್ಸ್‌ಲೊಕೇಶನ್ ವಯಸ್ಸಾದಂತೆ ಎಲ್ಲರಲ್ಲೂ ಹೆಚ್ಚುತ್ತದೆ. ಇಂಥ ಬದಲಾವಣೆಗಳು ಹೆಚ್ಚಿರುವ ಗುಂಪುಗಳಲ್ಲಿ ಕ್ಯಾನ್ಸರ್ ತುಸು ಹೆಚ್ಚೆಂದು ಯುರೋಪಿನ ಅಧ್ಯಯನಗಳು ಹೇಳಿವೆ. ಆದರೆ ಅದು ಗುಂಪಿನ ಮಾತು, ಒಬ್ಬಳ ಜಾತಕವಲ್ಲ. ಇನ್ನು, ಸುಮಾರು 100 ಮಿಲಿಗ್ರೇಗಿಂತ ಕಡಿಮೆ ವಿಕಿರಣ ಡೈಸೆಂಟ್ರಿಕ್ ಎಣಿಕೆಯಲ್ಲಿ ಸಿಗುವುದೇ ಕಷ್ಟ. ಹಾಗಾಗಿ ಒಂದು ಸಿ.ಟಿ. ಸ್ಕ್ಯಾನ್ ಆಯಿತೆಂದು ಈ ಪರೀಕ್ಷೆಗೆ ಓಡಬೇಕಿಲ್ಲ.

ಮುಖ್ಯವಾದ ಮಾತು: ಬಿಳಿ ರಕ್ತಕಣದ ಬದಲಾವಣೆ ಮಕ್ಕಳಿಗೆ ಹೋಗುವುದಿಲ್ಲ. ಮಕ್ಕಳಿಗೆ ಹೋಗುವುದು ಅಂಡಾಣು, ವೀರ್ಯಾಣುಗಳಲ್ಲಿ ಇರುವುದು ಮಾತ್ರ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳಲ್ಲೂ ಆನುವಂಶಿಕ ಕಾಯಿಲೆ ಹೆಚ್ಚಿದ್ದು ಕಂಡುಬಂದಿಲ್ಲ.

ಕೆಲಸಕ್ಕೆ ಹೋಗುವ ತಂಗಿಯರೇ, ಸೀಸದ ಏಪ್ರನ್ ಹಾಕಿಕೊಳ್ಳಿ. ಬ್ಯಾಡ್ಜನ್ನು ಡ್ರಾಯರ್‌ನಲ್ಲಿ ಇಡಬೇಡಿ, ಏಪ್ರನ್ ಒಳಗೆ ಎದೆಯ ಮೇಲೆ ಧರಿಸಿ, ಅದರ ವರದಿ ಕೇಳಿ ಪಡೆಯಿರಿ. ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಗರ್ಭಿಣಿಯಾದರೆ ತಡಮಾಡದೆ ಮೇಲಧಿಕಾರಿಗೆ ತಿಳಿಸಿ. ಮನೆಯ ಹಿರಿಯರೇ, ಆ ಹುಡುಗಿಯ ಕೆಲಸವನ್ನು ದೋಷವೆಂದು ಎಣಿಸಬೇಡಿ.